ಕಳ್ಳ ಯಾರು ಅಂತ ಊರಿಗೆ ಮೊದಲೇ ಗೊತ್ತಿರುತ್ತೆ

ಕೊಡಗಿನಲ್ಲಿ ಕುಟುಂಬದ ಮೂಲಮನೆಗಳಾದ ಹಳೇ ಐನ್‌ಮನೆಗಳ ಒಳಗೆ ಹೋಗುವ ಅವಕಾಶ ಸಿಕ್ಕರೆ ಗೋಡೆಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಪಟ್ಟಾಳಕ್ಕೆ ಸೇರಿದ ಅಜ್ಜಂದಿರ ಫೋಟೊ ಇರುತ್ತೆ, ಹಾಕಿ ತಂಡದ ಫೋಟೊ ಇರುತ್ತೆ. ಕೆಲವು ಮನೆಗಳಲ್ಲಿ ಮಾಸಿದ ಕಪ್ಪು ಬಿಳುಪು ಚಿತ್ರವೊಂದು ಸಿಗುತ್ತೆ: ಸತ್ತ ಹುಲಿ, ಅದರ ಪಕ್ಕ ಕುಪ್ಯಚೇಲೆ ತೊಟ್ಟು ಪೀಚೆಕತ್ತಿ ಸಿಕ್ಕಿಸಿಕೊಂಡ ಗಂಡಸು. ಹುಲಿ ಕೊಂದವನಿಗೆ ಹಿಂದೆ ನರಿ ಮಂಗಲ ಮಾಡುತ್ತಿದ್ದರು. ಕೊಡವ ತಕ್ಕಿನಲ್ಲಿ ನರಿ ಅಂದರೆ ಹುಲಿ. ಮದುಮಗನನ್ನು ಕೂರಿಸುವ ಹಾಗೆ ಅವನನ್ನು ಕೂರಿಸಿ, ಪಕ್ಕದಲ್ಲಿ ಹುಲಿಯನ್ನು ತೂಗುಹಾಕಿ, ನೆಂಟರಿಷ್ಟರೆಲ್ಲ ಸಾಲಾಗಿ ಬಂದು ಅಕ್ಕಿ ಹಾಕಿ ಹರಸಿ ಕಾಣಿಕೆ ಕೊಟ್ಟು ಹೋಗುತ್ತಿದ್ದರು. ಊರಿಗೆ ಊರೇ ಸೇರುವ ಸಮಾರಂಭ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಈಗ ಅದೇ ಕೆಲಸಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ಫೋಟೊದಲ್ಲಿರುವ ಅಜ್ಜನಿಗೆ ಮಾತ್ರ ಯಾರೂ ಏನೂ ಮಾಡುವ ಹಾಗಿಲ್ಲ. ಮಾಡಿದ ದಿನ ಅಪರಾಧ ಅಲ್ಲದ್ದಕ್ಕೆ ಆಮೇಲೆ ಬಂದ ಕಾನೂನು ಹಿಡಿದು ಶಿಕ್ಷೆ ಕೊಡುವಂತಿಲ್ಲ ಅಂತ ಸಂವಿಧಾನದ 20ನೇ ವಿಧಿ ಹೇಳುತ್ತೆ.

ಹುಲಿ ಕಾನೂನಿನ ಬಗ್ಗೆ ನನಗೆ ತಕರಾರಿಲ್ಲ, ಅದು ಬೇಕೇ ಬೇಕಿತ್ತು. ನನಗೆ ಸೋಜಿಗ ಅನಿಸಿದ್ದು ಬೇರೆ. 2023ರ ಅಕ್ಟೋಬರ್‌ನಲ್ಲಿ ಟಿವಿ ರಿಯಾಲಿಟಿ ಶೋನಲ್ಲಿದ್ದ ಸ್ಪರ್ಧಿಯೊಬ್ಬರನ್ನು ಹುಲಿ ಉಗುರಿನ ಪೆಂಡೆಂಟ್ ಹಾಕಿಕೊಂಡಿದ್ದಕ್ಕೆ ಅರಣ್ಯ ಇಲಾಖೆಯವರು ಬಂಧಿಸಿದರಲ್ಲ, ಆ ವಾರ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಅಜ್ಜಿಯರ ಪೆಟ್ಟಿಗೆ ತೆರೆದವೋ! ಹುಲಿ ಉಗುರಿಗೆ ಚಿನ್ನ ಕಟ್ಟಿಸಿದ ಒಡವೆ ಇಲ್ಲಿ ಹೊಸದಲ್ಲ. ಮದುವೆಗಳಲ್ಲಿ ಎಲ್ಲರ ಎದುರೇ ಹಾಕಿಕೊಂಡು ಓಡಾಡುತ್ತಿದ್ದರು. ಎದುರಿಗೆ ತಹಶೀಲ್ದಾರರೂ ಕೂತು ಊಟ ಮಾಡಿರುತ್ತಾರೆ, ಪೊಲೀಸರೂ ಊಟ ಮಾಡಿರುತ್ತಾರೆ. ಕಾನೂನು ಅದನ್ನು ಅಪರಾಧದ ಪಟ್ಟಿಗೆ ಸೇರಿಸಿ ಐವತ್ತು ವರ್ಷ ಆಗಿತ್ತು. ಊರಿಗೆ ಅದು ಅಪರಾಧ ಅಂತ ಅನಿಸಿದ್ದು ಟಿವಿಯಲ್ಲಿ ಬಂದ ಮೇಲೆ. 2024ರ ಆರಂಭದಲ್ಲಿ ಸರ್ಕಾರ ಇಂಥವನ್ನೆಲ್ಲ ಒಪ್ಪಿಸೋಕೆ ಮೂರು ತಿಂಗಳು ಗಡುವು ಕೊಟ್ಟಿತು. ಒಪ್ಪಿಸಿದವರೂ ಇದ್ದಾರೆ. ಪೆಟ್ಟಿಗೆಯ ಇನ್ನೂ ಕೆಳಗಿನ ಅರೆಗೆ ಇಳಿಸಿದವರೂ ಇದ್ದಾರೆ ಅಂತ ಬೇರೆ ಹೇಳಬೇಕಾ?

ಹಾಗಾದರೆ ಅಪರಾಧ ಅಂದರೆ ಯಾವುದು? ಕಾನೂನು ಪುಸ್ತಕದಲ್ಲಿ ಒಂದು ಪಟ್ಟಿ ಇದೆ, ಊರವರ ಮನಸ್ಸಿನಲ್ಲಿ ಇನ್ನೊಂದಿದೆ. ಕೊಲೆ, ಅತ್ಯಾಚಾರ ಎರಡರಲ್ಲೂ ಇರುತ್ತೆ, ಆ ಬಗ್ಗೆ ಜಗಳವಿಲ್ಲ. ಜಗಳ ಇರೋದೆಲ್ಲ ಉಳಿದವುಗಳಲ್ಲಿ.

ನಮ್ಮ ಚಿಕ್ಕಪ್ಪನ ಕಾಫಿ ಕಥೆ ಹೇಳುತ್ತೇನೆ. ಈಗಿನ ಹುಡುಗರಿಗೆ ಹೇಳಿದರೆ ನಂಬೋದಿಲ್ಲ. 1942ರಲ್ಲಿ ಬಂದ ಕಾಫಿ ಕಾಯ್ದೆ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಪೂಲಿಗೆ, ಅಂದರೆ ಕಾಫಿ ಬೋರ್ಡಿಗೆ ಒಪ್ಪಿಸಬೇಕಿತ್ತು. ಮನೆ ಖರ್ಚಿಗೆ, ಬೀಜಕ್ಕೆ ಒಂದಿಷ್ಟು ಇಟ್ಟುಕೊಳ್ಳಬಹುದಿತ್ತು, ಅಷ್ಟೇ. ಬೋರ್ಡು ಅದನ್ನು ಹರಾಜು ಹಾಕಿ, ಪಾಯಿಂಟ್ ಲೆಕ್ಕದಲ್ಲಿ, ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. ಕೊನೇ ಕಂತು ಬರುವ ಹೊತ್ತಿಗೆ ಮುಂದಿನ ಕೊಯ್ಲು ಬಂದಿರುತ್ತಿತ್ತು. ಗಿಡ ನೆಟ್ಟವನು ಅವನೇ, ಕೊಯ್ಯಿಸಿದವನು ಅವನೇ, ಕಣದಲ್ಲಿ ಹರವಿ ಒಣಗಿಸಿ ಮೂಟೆ ಕಟ್ಟಿದವನೂ ಅವನೇ. ಆದರೆ ಅದನ್ನು ತಾನೇ ಕೊಂಡೊಯ್ದು ಮಾರಿದರೆ ಅಪರಾಧಿ!

ಮಗಳ ಮದುವೆ ಹತ್ತಿರ ಬಂದಾಗ ಯಾರು ಕಂತಿಗೆ ಕಾಯುತ್ತಾರೆ? ಎಂಬತ್ತರ ದಶಕದಲ್ಲಿ ರಾತ್ರಿ ಜೀಪಿನಲ್ಲಿ ಕಾಫಿ ಮೂಟೆ ಹಾಕಿ, ಮೇಲೆ ಸೌದೆ ಹೇರಿ, ಕುಟ್ಟದ ದಾರಿಯಲ್ಲೋ ಮಾಕುಟ್ಟದ ದಾರಿಯಲ್ಲೋ ಕೇರಳಕ್ಕೆ ಸಾಗಿಸಿದವರು ಬಹಳ ಜನ. ಚಿಕ್ಕಪ್ಪ ಅವರಲ್ಲಿ ಒಬ್ಬರು. ಚೆಕ್‌ಪೋಸ್ಟ್ ಹತ್ತಿರ ಹೆಡ್‌ಲೈಟ್ ಆರಿಸಿದ್ದು, ಗಾರ್ಡಿಗೆ ಬೀಡಿ ಕೊಟ್ಟಿದ್ದು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋಗಿದ್ದು, ಎಲ್ಲವನ್ನೂ ಅವರು ಎಪ್ಪತ್ತರ ವಯಸ್ಸಿನಲ್ಲೂ ಕೈ ಆಡಿಸಿಕೊಂಡು ಹೇಳುತ್ತಿದ್ದರು. ನಾವು ನಗುತ್ತಿದ್ದೆವು. ಅವರನ್ನು ಕಳ್ಳಸಾಗಣೆದಾರ ಅಂತ ಯಾರೂ ಅಂದುಕೊಂಡಿರಲಿಲ್ಲ. 1992ರಿಂದ ಶುರುವಾಗಿ ಸರ್ಕಾರ ಹಂತ ಹಂತವಾಗಿ ಪೂಲು ಸಡಿಲ ಮಾಡಿತು, 1996ಕ್ಕೆ ಪೂರ್ತಿ ಬಿಟ್ಟಿತು. ಚಿಕ್ಕಪ್ಪನ ಅಪರಾಧ ಹಾಗೇ ಆವಿಯಾಗಿ ಹೋಯಿತು. ಕಾನೂನಿಗೆ ಅದು ತಪ್ಪು ಅಂತ ಅನಿಸುವುದು ನಿಂತಿತು. ನಮ್ಮ ಊರಿಗೆ ಯಾವತ್ತೂ ಅನಿಸಿರಲಿಲ್ಲ.

ಇದಕ್ಕೆ ತಿರುಗಾ ಮುರುಗಾ ಆಗಿದ್ದೂ ಇದೆ. 2007ರ ಜೂನ್ 30ರವರೆಗೆ ಸಾರಾಯಿ ಸರ್ಕಾರದ ಗುತ್ತಿಗೆಯಲ್ಲೇ ಪ್ಯಾಕೆಟ್ಟಿನಲ್ಲಿ ಮಾರಾಟ ಆಗುತ್ತಿತ್ತು. ಜುಲೈ 1ರಿಂದ ನಿಷೇಧ. ಒಂದೇ ರಾತ್ರಿಯಲ್ಲಿ ಲೈಸೆನ್ಸ್ ಇದ್ದ ವ್ಯಾಪಾರ ಕೇಸು ಆಗೋ ವ್ಯವಹಾರ ಆಯಿತು. ಅದೇ ಅಬಕಾರಿ ಕಾನೂನು ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ಮಾಡಿ ಮಾರುವುದು ಅಪರಾಧ. ಮಡಿಕೇರಿ ಪೇಟೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ಏಲಕ್ಕಿ, ಜೇನು, ಚಾಕೊಲೇಟ್ ಜೊತೆಗೆ ‘ಹೋಮ್ ಮೇಡ್ ವೈನ್’ ಬೋರ್ಡು. ಆಗೊಮ್ಮೆ ಈಗೊಮ್ಮೆ ರೇಡ್ ಆಗುತ್ತೆ, ಬೋರ್ಡು ಒಳಗೆ ಹೋಗುತ್ತೆ, ಹದಿನೈದು ದಿನದಲ್ಲಿ ಹೊರಗೆ ಬರುತ್ತೆ. ನೆಲ್ಲಿಕಾಯಿ ವೈನ್ ಮಾಡುವ ಆಂಟಿಯನ್ನು ಯಾರಾದರೂ ಕಳ್ಳಭಟ್ಟಿಯವಳು ಅಂತಾರಾ? ಇಲ್ಲ. ಆದಿವಾಸಿಗಳ ಹಾಡಿಯ ಪಕ್ಕದಲ್ಲಿ ಬೆಲ್ಲದ ಕೊಳೆ ಹಾಕಿದವಳನ್ನು ಅಂತಾರೆ. ಕಾನೂನಿನ ಕಣ್ಣಲ್ಲಿ ಇಬ್ಬರದ್ದೂ ಒಂದೇ ಕಸುಬು.

2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮೂರೇ ವಾರದ ಅಂತರದಲ್ಲಿ ಎರಡು ಹಳೇ ಅಪರಾಧಗಳನ್ನು ತೆಗೆದುಹಾಕಿತು. 6ನೇ ತಾರೀಕು 377ನೇ ಸೆಕ್ಷನ್ ತೀರ್ಪು: ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಗಂಡಾಗಲಿ ಹೆಣ್ಣಾಗಲಿ ಅದು ಅಪರಾಧವಲ್ಲ. 27ನೇ ತಾರೀಕು 497ನೇ ಸೆಕ್ಷನ್, ಅಂದರೆ ವ್ಯಭಿಚಾರದ ಕಾನೂನು ಹೋಯಿತು. ನಮ್ಮ ಜಿಲ್ಲೆಯಲ್ಲಿ ಆ ಸುದ್ದಿ ಓದುವ ಪುರುಸೊತ್ತು ಯಾರಿಗೂ ಇರಲಿಲ್ಲ. ಆಗಸ್ಟ್‌ನ ಮಳೆಗೆ ಗುಡ್ಡಗಳೇ ಜಾರಿ ಬಂದು ಜನ ಗಂಜಿ ಕೇಂದ್ರದಲ್ಲಿದ್ದರು. ಗುಡ್ಡದ ಬುಡ ಬಗೆದು ಕಟ್ಟಡ ಎಬ್ಬಿಸುವುದು ಅಪರಾಧವಾ ಅಂತ ಆಗ ಕೆಲವರು ಕೇಳಿದರು. ಉತ್ತರ ಬರುವ ಮೊದಲೇ ಬೇಸಿಗೆ ಬಂತು, ಪ್ರವಾಸಿಗರು ಬಂದರು, ಪ್ರಶ್ನೆ ಮರೆತುಹೋಯಿತು.

ಇಷ್ಟರವರೆಗೆ ಹೇಳಿದ್ದೆಲ್ಲ ಯಾವ ಕೆಲಸ ಅಪರಾಧ ಅನ್ನುವ ಮಾತು. ಕಾನೂನು ಹೇಳಿಕೊಳ್ಳುವುದೂ ಅದನ್ನೇ: ನಾನು ಕೆಲಸ ನೋಡುತ್ತೇನೆ, ಆಳನ್ನು ನೋಡುವುದಿಲ್ಲ. ಕೊಡಗಿನಲ್ಲಿ ಕೂತು ನೋಡಿದರೆ ಇದು ಪೂರ್ತಿ ನಿಜ ಅನಿಸೋದಿಲ್ಲ.

ನಮ್ಮ ಮನೆಯಲ್ಲಿ ಒಂದು ಕೋವಿ ಇದೆ. ಲೈಸೆನ್ಸ್ ಮೇಲೆ ಇಟ್ಟುಕೊಂಡಿದ್ದು. ನಾವು ಕೊಡವರಲ್ಲ, ಮುತ್ತಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ತೋಟ ಮಾಡಿದವರು. ಹಾಗಾಗಿ ಅಪ್ಪ ನವೀಕರಣಕ್ಕೆ ಅರ್ಜಿ, ಚಲನ್, ಪೊಲೀಸ್ ವರದಿ ಅಂತ ಓಡಾಡುತ್ತಾರೆ. ಬೇಲಿಯಾಚೆಯ ಮಾವನ ಮನೆಯಲ್ಲೂ ಕೋವಿ ಇದೆ. ಅವರು ಕೊಡವರು, ಲೈಸೆನ್ಸ್ ಬೇಕಿಲ್ಲ, ವಿನಾಯಿತಿ ಪತ್ರ ಸಾಕು. ಲೈಸೆನ್ಸ್ ಇಲ್ಲದೆ ನಾವು ಇಟ್ಟುಕೊಂಡರೆ ಜೈಲು. ಅವರು ಇಟ್ಟುಕೊಂಡರೆ ಪರಂಪರೆ. ಅಪ್ಪನಿಗೆ ಇದರ ಬಗ್ಗೆ ಕೋಪವೇನಿಲ್ಲ. ಕೊಡವರು ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದಿಗೆ ಮಾವನ ಮನೆಗೆ ಹೋಗಿ, ತೋಕ್‌ಪೂವು ಸಿಕ್ಕಿಸಿದ ಕೋವಿಗೆ ಕೈ ಮುಗಿದು, ಕಡಂಬುಟ್ಟು ಪಂದಿಕರಿ ಹೊಡೆದು ಬರುತ್ತಾರೆ. ಹಿಂದೆ ಹಬ್ಬ ಮುಗಿದ ಮೇಲೆ ಬೇಟೆಗೆ ಹೋಗುತ್ತಿದ್ದರು. ಈಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ.

ಈ ವಿನಾಯಿತಿ ಎಲ್ಲಿಂದ ಬಂತು? 1857ರ ದಂಗೆ ಆದ ಮೇಲೆ ಬ್ರಿಟಿಷರು ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ಹೊರಟರು. ಕೊಡಗಿನವರು ನಂಬಿಕಸ್ಥರು ಅಂತ 1861ರಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರನ್ನು ಅದರಿಂದ ಬಿಟ್ಟರು. ಸ್ವಾತಂತ್ರ್ಯ ಬಂದ ಮೇಲೂ ಅದು ಮುಂದುವರಿಯಿತು. 1963ರ ಕೇಂದ್ರದ ಅಧಿಸೂಚನೆಯಲ್ಲಿ ಕೊಡವರು ಮತ್ತು ಜಮ್ಮಾ, ಅಂದರೆ ವಂಶಪಾರಂಪರ್ಯ, ಹಿಡುವಳಿದಾರರು ಅಂತ ಇದೆ. 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದರು. ಇದು ಸಮಾನತೆಗೆ ವಿರುದ್ಧ ಅಂತ ಹಾಕಿದ್ದ ಅರ್ಜಿಯನ್ನು 2021ರಲ್ಲಿ ಹೈಕೋರ್ಟು ಒಪ್ಪಲಿಲ್ಲ.

ಕಬ್ಬನ್ ಕೊಟ್ಟ ಆ ವಿನಾಯಿತಿ ಆಗಿ ಹತ್ತೇ ವರ್ಷಕ್ಕೆ, 1871ರಲ್ಲಿ, ಅದೇ ಬ್ರಿಟಿಷ್ ಸರ್ಕಾರ ಇನ್ನೊಂದು ಕಾಯ್ದೆ ತಂದಿತು. ಅಪರಾಧಿ ಬುಡಕಟ್ಟುಗಳ ಕಾಯ್ದೆ. ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಕಳ್ಳರು ಅಂತ ಬರೆದಿಟ್ಟರು. ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಕೇಳದೆ ಊರು ಬಿಡುವಂತಿಲ್ಲ. ಮೊದಲು ಉತ್ತರ ಭಾರತದಲ್ಲಿ ಶುರುವಾಗಿ ಆಮೇಲೆ ನಮ್ಮ ಕಡೆಗೂ ಬಂತು. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರಚ, ಕೊರಮರು ರೈಲು ಬಂದ ಮೇಲೆ ವ್ಯಾಪಾರ ಕಳೆದುಕೊಂಡರು, ಆಮೇಲೆ ಈ ಪಟ್ಟಿಗೂ ಸೇರಿದರು. ಹುಬ್ಬಳ್ಳಿಯಲ್ಲಿ ಇಂಥವರನ್ನು ಮುಳ್ಳುತಂತಿಯೊಳಗೆ ಇಟ್ಟ ಜಾಗಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು. 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು, ಬೆನ್ನಲ್ಲೇ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ಮಾಡಿಕೊಂಡವು. ನಮ್ಮ ರಾಜ್ಯದ್ದು 1961ರದ್ದು. ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಅಂದರೆ ಮೊನ್ನೆ ಮೊನ್ನೆ.

1861, 1871. ಒಬ್ಬರ ಕೈಗೆ ಕೋವಿ ಕೊಟ್ಟರೂ ಅವರು ಏನೂ ಮಾಡೋದಿಲ್ಲ ಅನ್ನುವ ನಂಬಿಕೆ. ಇನ್ನೊಬ್ಬರು ಬರಿಗೈಯಲ್ಲಿ ನಡೆದು ಹೋದರೂ ಏನೋ ಮಾಡುತ್ತಾರೆ ಅನ್ನುವ ಅನುಮಾನ. ಎರಡನ್ನೂ ತೀರ್ಮಾನಿಸಿದ್ದು ಹುಟ್ಟು ನೋಡಿ. ಈ ಎರಡು ಕಾನೂನುಗಳನ್ನು ಪಕ್ಕ ಪಕ್ಕ ಇಟ್ಟು ನಮ್ಮ ಜಿಲ್ಲೆಯಲ್ಲಿ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಕೋವಿ ಹಕ್ಕಿನ ಬಗ್ಗೆ ಮಾತು ಬಂದರೆ ಬರೀ ಅದೇ ಬರುತ್ತೆ.

ಬ್ರಿಟಿಷರ ನಂಬಿಕೆಯ ಅಳತೆ ಏನಿತ್ತು ಅನ್ನೋದಕ್ಕೆ ಮಡಿಕೇರಿ ಕೋಟೆಯೇ ಸಾಕ್ಷಿ. 1837ರಲ್ಲಿ ಕೊಡಗು, ಸುಳ್ಯದ ರೈತರು ಎದ್ದು ಮಂಗಳೂರಿನವರೆಗೆ ಹೋಗಿ ಬಾವುಟ ಹಾರಿಸಿದರು. ಅದರ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಆ ಕೋಟೆಯಲ್ಲೇ ಗಲ್ಲಿಗೇರಿಸಿದರು. ಅವತ್ತಿನ ಕಾನೂನಿನಲ್ಲಿ ದೊಡ್ಡ ಅಪರಾಧಿ. ಇವತ್ತು ಅದೇ ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ, ಮಂತ್ರಿಗಳು ಬಂದು ಹಾರ ಹಾಕುತ್ತಾರೆ. ದಂಡ ಸಂಹಿತೆಯ ಮೊದಲ ಕರಡನ್ನು ಮೆಕಾಲೆ ಸಿದ್ಧ ಮಾಡಿಕೊಟ್ಟಿದ್ದೂ ಅದೇ 1837ರಲ್ಲಿ. ಅದು ಕಾಯ್ದೆಯಾಗಿದ್ದು 1860ರಲ್ಲಿ, ಜಾರಿಯಾಗಿದ್ದು 1862ರ ಜನವರಿ 1ಕ್ಕೆ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 511 ಸೆಕ್ಷನ್ ಇದ್ದದ್ದು 358 ಆಗಿದೆ. ಕಳ್ಳತನದ ವಿವರಣೆ ಮಾತ್ರ ಹೆಚ್ಚುಕಮ್ಮಿ ಅದೇ.

ಆ ಕಳ್ಳತನದ ಸೆಕ್ಷನ್ ನನಗೆ ಇಷ್ಟ. ತೋಟದವರಿಗೇ ಬರೆದ ಹಾಗಿದೆ. ನೆಲಕ್ಕೆ ಅಂಟಿಕೊಂಡಿರುವ ತನಕ ಯಾವುದನ್ನೂ ಕದಿಯೋಕೆ ಆಗೋದಿಲ್ಲ ಅನ್ನುತ್ತೆ ಕಾನೂನು. ಬೇರೆಯವರ ಜಾಗದಲ್ಲಿ ನಿಂತ ಮರ ಸ್ಥಿರ ಆಸ್ತಿ. ಒಯ್ಯಬೇಕು ಅಂತ ಅದನ್ನು ಕಡಿದ ಕ್ಷಣ ಕಳ್ಳತನ ಆಯಿತು, ಹೊತ್ತುಕೊಂಡು ಹೋಗೋದೂ ಬೇಕಿಲ್ಲ. ಇದನ್ನು ಮೆಣಸಿಗೆ ಹಾಕಿ ನೋಡಿ. ಬಳ್ಳಿಯಲ್ಲಿ ತೂಗುವ ಗೊನೆ ನೆಲದ ಭಾಗ. ಅದನ್ನು ಕಿತ್ತ ಬೆರಳಲ್ಲಿ ಅಪರಾಧ ಹುಟ್ಟುತ್ತೆ. ಎಷ್ಟು ನಾಜೂಕಾಗಿ ಯೋಚಿಸಿದ್ದಾರೆ ಅಲ್ವಾ?

ತೋಟದಲ್ಲಿ ಇಷ್ಟು ನಾಜೂಕು ನಡೆಯೋದಿಲ್ಲ.

ಕಳೆದ ಮೆಣಸಿನ ಕೊಯ್ಲಿನಲ್ಲಿ ನಡೆದದ್ದು. ಬೆಳಗ್ಗೆ ಮಾವನ ಫೋನ್ ಬಂತು. "ಬಾ ಇಲ್ಲಿ, ಕಳ್ಳ ಸಿಕ್ಕಿದಾನೆ." ಹೋದರೆ ಕಣದ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಒಬ್ಬ ಹುಡುಗನನ್ನು ಕಟ್ಟಿದ್ದರು. ಇಪ್ಪತ್ತು ವರ್ಷ ಇರಬಹುದು. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಎರವ ಬುಡಕಟ್ಟಿನ ಹುಡುಗ. ಕಟ್ಟಿದ್ದು ಏಣಿಗೆ ಬಿಗಿಯುವ ನೈಲಾನ್ ಹಗ್ಗದಿಂದ. ಅವನ ಕೆಳತುಟಿ ಒಡೆದಿತ್ತು. ಮುಂದೆ ಒಂದು ಗೊಬ್ಬರದ ಚೀಲ, ಅದರೊಳಗೆ ಒಣ ಮೆಣಸು. ತೋಟದ ಲೆಕ್ಕ ಬರೆಯುವ ರೈಟರು ತೂಕ ಹಾಕಿದ್ದರು, ಐದು ಕಿಲೋ ಚಿಲ್ಲರೆ. ಕೂಲಿಗೆ ಬಂದ ಹೆಂಗಸರು ದೂರದಲ್ಲಿ ಬುಟ್ಟಿ ಹಿಡಿದು ನಿಂತಿದ್ದರು. ಹುಡುಗನ ಅಮ್ಮನೂ ಅವರ ನಡುವೆ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ, ಸೀರೆ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು.

"ಬಿಚ್ಚಿಸಿ ಮಾವ, ಸಾಕು" ಅಂದೆ.

"ನಿಂಗೆ ಗೊತ್ತಾಗಲ್ಲ ಸುಮ್ನಿರು. ಇವರನ್ನ ಹಿಂಗೇ ಬಿಟ್ರೆ ನಾಳೆ ಕಣಾನೇ ಹೊತ್ಕೊಂಡು ಹೋಗ್ತಾರೆ."

ಮಾವ ಕೆಟ್ಟವರಲ್ಲ. ಕೋವಿಡ್ ಸಮಯದಲ್ಲಿ ಲೈನ್ ಮನೆಗೆಲ್ಲ ಅಕ್ಕಿ ಕೊಟ್ಟವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಕಣದಲ್ಲಿ ಅವತ್ತು ಎಷ್ಟು ಅಪರಾಧ ಇದ್ದವು? ಊರಿನ ಲೆಕ್ಕದಲ್ಲಿ ಒಂದು. ಕಾನೂನಿನ ಲೆಕ್ಕ ಬೇರೆ. ಮೆಣಸು ಆಗ ಕಿಲೋಗೆ 600ರ ಮೇಲಿತ್ತು ಅಂದುಕೊಂಡರೂ ಚೀಲದ ಬೆಲೆ 5000 ರೂಪಾಯಿ ಮುಟ್ಟೋದಿಲ್ಲ. ಹೊಸ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ 5000ಕ್ಕಿಂತ ಕಡಿಮೆ ಬೆಲೆಯ ಮಾಲು, ಮೊದಲ ಸಲದ ತಪ್ಪು, ಮಾಲು ವಾಪಸ್ ಬಂದಿದೆ ಅಂದರೆ ಶಿಕ್ಷೆ ಸಮುದಾಯ ಸೇವೆ. ಜೈಲಿಲ್ಲ. ಇಂಥ ಕೇಸಿನಲ್ಲಿ ಪೊಲೀಸರೇ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ. ಇನ್ನು ಕಟ್ಟಿಹಾಕಿದ್ದು? ಅಕ್ರಮ ಬಂಧನ, ಒಂದು ವರ್ಷದವರೆಗೆ ಜೈಲು. ಹೊಡೆದದ್ದು? ಅದಕ್ಕೂ ಒಂದು ವರ್ಷದವರೆಗೆ. ಹುಡುಗ ಪರಿಶಿಷ್ಟ ಪಂಗಡದವನಾದ್ದರಿಂದ 1989ರ ದೌರ್ಜನ್ಯ ತಡೆ ಕಾಯ್ದೆಯೂ ಬಾಗಿಲಲ್ಲೇ ನಿಂತಿದೆ. ತೂಕ ಹಾಕಿ ನೋಡಿದರೆ ಭಾರವಾದ ಅಪರಾಧ ಚೀಲದಲ್ಲಿ ಇರಲಿಲ್ಲ, ಹಗ್ಗದಲ್ಲಿತ್ತು. ಆದರೆ ಅಲ್ಲಿದ್ದ ಮೂವತ್ತು ಜನರಲ್ಲಿ ಹಗ್ಗದ ಕಡೆ ನೋಡಿ ‘ಇದು ಅಪರಾಧ’ ಅಂತ ಯಾರಿಗೂ ಅನಿಸಿರಲಿಲ್ಲ. ಕಟ್ಟಿಸಿಕೊಂಡ ಹುಡುಗನಿಗೂ ಅನಿಸಿರಲಿಕ್ಕಿಲ್ಲ.

ಪೊಲೀಸರಿಗೆ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರೈಟರೇ ಹಗ್ಗ ಬಿಚ್ಚಿದರು. ಮೆಣಸು ವಾಪಸ್ ಬಂದಿದ್ದರೂ ಮೂರು ಸಾವಿರ ರೂಪಾಯಿಯನ್ನು ಆ ಮನೆಯ ಲೆಕ್ಕಕ್ಕೆ ಬರೆದರು. ದಂಡ ಅಂತ. ಅವರ ಲೆಕ್ಕದಲ್ಲಿ ಮೊದಲೇ ಮುಂಗಡ ಇತ್ತು, ಅಪ್ಪನ ಆಸ್ಪತ್ರೆ ಖರ್ಚಿಗೆ ತೆಗೆದದ್ದು. ವಾರದ ಸಂಬಳದಲ್ಲಿ ಹಿಡಿಯುತ್ತಾ ಬಂದರೂ ಅದು ಕರಗುತ್ತಿರಲಿಲ್ಲ. ಮುಂಗಡ ತೀರುವ ತನಕ ಬೇರೆ ತೋಟಕ್ಕೆ ಹೋಗುವಂತಿಲ್ಲ. ಇದನ್ನು ನಮ್ಮ ಕಡೆ ‘ಲೆಕ್ಕ’ ಅಂತಾರೆ.

ಕಾನೂನು ಇದನ್ನು ಜೀತ ಅನ್ನುತ್ತೆ. ಮುಂಗಡದ ಕಾರಣಕ್ಕೆ ಒಬ್ಬರು ಇಷ್ಟ ಬಂದ ಕಡೆ ದುಡಿಯುವ ಸ್ವಾತಂತ್ರ್ಯ ಕಳೆದುಕೊಂಡರೆ ಅದು ಜೀತವೇ. ಸಾಲ ಜೀತದ್ದಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಶಿಕ್ಷೆ ಎಷ್ಟು ಗೊತ್ತಾ? ಮೂರು ವರ್ಷದವರೆಗೆ ಜೈಲು, 2000 ರೂಪಾಯಿವರೆಗೆ ದಂಡ. ಸಾಮಾನ್ಯ ಕಳ್ಳತನಕ್ಕೂ ಮೂರು ವರ್ಷದವರೆಗೆ. ಪುಸ್ತಕದಲ್ಲಿ ಎರಡೂ ಸಮ ಸಮ. ಮೆಣಸು ಕದ್ದವರನ್ನು ಮರಕ್ಕೆ ಕಟ್ಟಿದ್ದು ಈ ಸುತ್ತಿನಲ್ಲಿ ಇದೇ ಮೊದಲಲ್ಲ. ಮುಂಗಡ ಕೊಟ್ಟು ಜನರನ್ನು ಇಟ್ಟುಕೊಂಡವರನ್ನು ಕಟ್ಟಿದ್ದು ಮಾತ್ರ ಯಾರೂ ಕಂಡಿಲ್ಲ. ಅವರು ಮದುವೆ ಊಟದಲ್ಲಿ ಮೊದಲ ಪಂಕ್ತಿಯಲ್ಲಿ ಕೂರುತ್ತಾರೆ.

ಎರವರ ವಿಷಯದಲ್ಲಿ ಇದಕ್ಕೆ ಹಳೇ ಬೇರು ಇದೆ. ಒಂದು ಕಾಲಕ್ಕೆ ಅವರನ್ನು ಜಮೀನಿನ ಜೊತೆಗೆ ಕೈ ಬದಲಾಯಿಸುತ್ತಿದ್ದರು. ಆಳು ಅಂದರೆ ಆಸ್ತಿ. ಆಗ ಓಡಿಹೋದವನು ಅಪರಾಧಿ, ಹಿಡಿದು ತಂದವನು ಮಾಲೀಕ. 1843ರಲ್ಲಿ ಕಂಪನಿ ಸರ್ಕಾರ ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲ ಅಂದಿತು. ಕಾಗದ ಹೋಯಿತು, ಲೈನ್ ಮನೆ ಬಂತು.

ಜೇನುಕುರುಬರ ಕಥೆ ಇನ್ನೊಂದು ತರಹ. ನಾಗರಹೊಳೆಯ ಒಳಗೆ ಜೇನು ಕೀಳುತ್ತಾ, ಗೆಣಸು ಅಗೆಯುತ್ತಾ ಇದ್ದವರು ಅವರು. ಕಾಡು ರಾಷ್ಟ್ರೀಯ ಉದ್ಯಾನ ಆದ ಮೇಲೆ ಅಜ್ಜ ಮಾಡಿದ ಕೆಲಸವನ್ನು ಮೊಮ್ಮಗ ಮಾಡಿದರೆ ಕೇಸು. ಆಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಇವರಿಗೆ ಐತಿಹಾಸಿಕ ಅನ್ಯಾಯ ಆಗಿದೆ ಅಂತ ಆ ಕಾಯ್ದೆಯ ಪೀಠಿಕೆಯಲ್ಲೇ ಸರ್ಕಾರ ಒಪ್ಪಿಕೊಂಡಿದೆ. ಹಿಂದಿನಿಂದ ಸಂಗ್ರಹಿಸುತ್ತಾ ಬಂದ ಜೇನು, ಗೆಡ್ಡೆ ಮುಂತಾದವು ಅವರ ಹಕ್ಕು ಅಂತ ಬರೆದಿದೆ. ಹಕ್ಕುಪತ್ರ ಕೈಗೆ ಬಂದರೆ ಹಕ್ಕುದಾರ, ಬರುವ ತನಕ ಅತಿಕ್ರಮಣಕಾರ. ಅರ್ಜಿ ಮಾತ್ರ ಕಚೇರಿಯಲ್ಲಿ ಮಲಗಿರುತ್ತೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಕೆಲವು ಕುಟುಂಬಗಳು, ಇದು ನಮ್ಮದೇ ಜಾಗ ಅಂತ, ವಾಪಸ್ ಹೋಗಿ ಗುಡಿಸಲು ಹಾಕಿಕೊಂಡಾಗ ಇಲಾಖೆ ಅವರನ್ನು ನೋಡಿದ್ದು ಅತಿಕ್ರಮಣಕಾರರು ಅಂತಲೇ.

ಜಾಗದ ಮಾತು ಬಂತಲ್ಲ, ದಿಡ್ಡಳ್ಳಿ ನೆನಪಿಸಿಕೊಳ್ಳದೆ ಮುಂದೆ ಹೋಗೋಕೆ ಆಗಲ್ಲ. ಲೈನ್ ಮನೆ ಬಿಟ್ಟು ಬಂದ ನೂರಾರು ಆದಿವಾಸಿ ಕುಟುಂಬಗಳು ಅಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಹಾಕಿಕೊಂಡಿದ್ದವು. 2016ರ ಡಿಸೆಂಬರ್‌ನಲ್ಲಿ, ಆ ಚಳಿಯಲ್ಲಿ, ಅವನ್ನು ಕೆಡವಿಹಾಕಿದರು. ಅರಣ್ಯ ಒತ್ತುವರಿ ಅಂತ. ಇದಾಗಿ ಕೆಲವು ವರ್ಷಕ್ಕೆ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬಂತು. ಸರ್ಕಾರಿ ಜಾಗ ಒತ್ತಿ ಕಾಫಿ, ಏಲಕ್ಕಿ, ಮೆಣಸು ಹಾಕಿಕೊಂಡವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಬಹುದು ಅಂತ. ಬೆಳೆಗಾರರ ಸಭೆಗಳಲ್ಲಿ ಇದನ್ನು ಚಪ್ಪಾಳೆ ತಟ್ಟಿ ಸ್ವಾಗತಿಸಿದೆವು. ನಮ್ಮದೂ ಬೇಲಿ ಪಕ್ಕ ಸ್ವಲ್ಪ ಪೈಸಾರಿ, ಅಂದರೆ ಸರ್ಕಾರಿ ಕಂದಾಯ ಜಾಗ, ಇದೆ, ನಾನೂ ಸಭೆಯಲ್ಲಿದ್ದೆ. ಒತ್ತಿದ ಜಾಗದಲ್ಲಿ ಗಿಡ ಇದ್ದರೆ ಒಂದು, ಗುಡಿಸಲು ಇದ್ದರೆ ಇನ್ನೊಂದು. ದಿಡ್ಡಳ್ಳಿಯದ್ದು ಅರಣ್ಯ, ಇದು ಕಂದಾಯ ಜಮೀನು, ಎರಡಕ್ಕೂ ಕಾನೂನು ಬೇರೆ ಅಂತ ನಮ್ಮ ವಕೀಲರು ಹೇಳುತ್ತಾರೆ. ನಿಜ ಇರಬಹುದು. ಜಮೀನು ಅರಣ್ಯವೋ ಪೈಸಾರಿಯೋ ಅಂತ ದಾಖಲೆ ಬರೆದವರು ಯಾರು, ಆಗ ಅವರ ಪಕ್ಕ ಕೂತು ಕಾಫಿ ಕುಡಿದವರು ಯಾರು ಅನ್ನೋದನ್ನೂ ವಕೀಲರನ್ನು ಕೇಳಬೇಕು.

ಕಾನೂನು ಬದಲಾದರೆ ಇದೆಲ್ಲ ಸರಿಯಾಗುತ್ತೆ ಅನ್ನುವವರು ಸಿಗುತ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಕಾನೂನು ಎಷ್ಟೋ ವಿಷಯದಲ್ಲಿ ಊರಿಗಿಂತ ಮುಂದೆ ಹೋಗಿ ನಿಂತಿದೆ: ಜೀತ, ಜಾತಿ ನಿಂದನೆ, ಅರಣ್ಯ ಹಕ್ಕು. ಬರೆದದ್ದೆಲ್ಲ ಚೆನ್ನಾಗೇ ಇದೆ. ಆದರೆ ಠಾಣೆಯಲ್ಲಿ ಕೂತ ಪೇದೆ ಇದೇ ಊರಿನವನು. ತಾಲ್ಲೂಕು ಕಚೇರಿಯ ಗುಮಾಸ್ತ ಇದೇ ಊರಿನವನು. ಕಂಪ್ಲೇಂಟ್ ಬರೆಯಬೇಕಾದ ನಾನೂ ಇದೇ ಊರಿನವನು. ಯಾವುದನ್ನು ‘ವಿಷಯ’ ಅನ್ನಬೇಕು, ಯಾವುದನ್ನು ‘ಕೇಸು’ ಅನ್ನಬೇಕು ಅಂತ ನಾವೆಲ್ಲ ಸೇರಿ ಮೊದಲೇ ತೀರ್ಮಾನ ಮಾಡಿರುತ್ತೇವೆ. ಕಾನೂನಿನ ಹತ್ತಿರ ಹೋಗೋದು ಉಳಿದದ್ದು ಮಾತ್ರ.

ಹುಡುಗ ಈಗ ಊರಲ್ಲಿಲ್ಲ. ವಯನಾಡಿನ ಕಡೆ ಕೆಲಸಕ್ಕೆ ಹೋದ ಅಂತ ಅವನ ಅಮ್ಮ ಹೇಳಿದಳು. ಅಲ್ಲಿ ಕೂಲಿ ಜಾಸ್ತಿ. ಅವಳು ಇಲ್ಲೇ ಇದ್ದಾಳೆ, ಲೆಕ್ಕ ಮುಗಿದಿಲ್ಲ.

ಆ ಘಟನೆ ಆಗಿ ಎರಡು ವಾರಕ್ಕೆ, ಒಂದು ಭಾನುವಾರ, ಮಾವನ ಗೇಟಿನ ಹತ್ತಿರ ಮಾತಾಡುತ್ತಾ ನಿಂತಿದ್ದೆ. ಬೆಂಗಳೂರಿನ ಕಾರೊಂದು ಬಂದು ರಸ್ತೆ ಬದಿ ನಿಂತಿತು. ಇಬ್ಬರು ಹೆಂಗಸರು, ಒಬ್ಬ ಹುಡುಗ, ಕ್ಯಾಮೆರಾ. ಬೇಲಿ ಪಕ್ಕದ ಬಳ್ಳಿಯಲ್ಲಿ ಕೊಯ್ಯದೆ ಉಳಿದಿದ್ದ ಮೆಣಸಿನ ಗೊನೆಗಳನ್ನು ಕಿತ್ತು ಮೂಸಿ ನೋಡಿದರು, ಫೋಟೊ ತೆಗೆದುಕೊಂಡರು. ಆಮೇಲೆ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿಸತೊಡಗಿದರು. ಕವರು ಮುಕ್ಕಾಲು ತುಂಬಿತು. ಮಾವ ಇಲ್ಲಿಂದಲೇ ಕೈ ಎತ್ತಿ, "ತಗೊಳ್ಳಿ ತಗೊಳ್ಳಿ, ಒಣಗಿಸಿ ಇಟ್ಕೊಳ್ಳಿ" ಅಂತ ಕೂಗಿದರು. ಇಷ್ಟು ಸಣ್ಣ ವಿಷಯಕ್ಕೆ ಬುದ್ಧಿ ಇರುವ ಯಾರೂ ದೂರು ಕೊಡೋದಿಲ್ಲ ಅನ್ನುವಂಥದ್ದು ಅಪರಾಧವೇ ಅಲ್ಲ ಅಂತ ಸಂಹಿತೆಯ 33ನೇ ಸೆಕ್ಷನ್ ಹೇಳುತ್ತೆ. ಅದು ಇಂಥದ್ದಕ್ಕೇ ಇರೋದು, ಇರಲಿ.

ಕಾರು ಹೋದ ಮೇಲೆ ಕೇಳಿದೆ. "ಮಾವ, ಅವರು ಕಿತ್ತಾಗ ನೀವಿನ್ನೂ ತಗೊಳ್ಳಿ ಅಂದಿರಲಿಲ್ಲ. ಆ ಹುಡುಗನಿಗೂ ಇವರಿಗೂ ಏನು ವ್ಯತ್ಯಾಸ?"

ಮಾವ ನನ್ನನ್ನು ವಿಚಿತ್ರವಾಗಿ ನೋಡಿದರು. ಸಿಟ್ಟು ಬಂದಿರಲಿಲ್ಲ. ಇಷ್ಟು ಓದಿದವನಿಗೆ ಇದೂ ತಿಳಿಯೋದಿಲ್ವಾ ಅನ್ನುವ ಹಾಗೆ.

"ಅಯ್ಯೋ, ಅವರು ಕಳ್ಳರಲ್ಲವಲ್ಲ."